ಬಾಯಿ ಕ್ಯಾನ್ಸರ್‌ನ ಜಗತ್ತಿನ ಲೆಕ್ಕ: ‘ಕ್ಯಾನ್ಸರ್ ಟುಡೇ’ ಜಾಲತಾಣ ಎಷ್ಟು ಉಪಯೋಗ?

ಫ್ರಾನ್ಸಿನ ಲಿಯಾನ್‌ನಲ್ಲಿರುವ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ನಡೆಸುವ ಈ ತಾಣಕ್ಕೆ ದುಡ್ಡೂ ಬೇಡ, ಲಾಗಿನ್ನೂ ಬೇಡ. 2022ರ ಅಂದಾಜಿನಂತೆ ತುಟಿ ಮತ್ತು ಬಾಯಿ ಕ್ಯಾನ್ಸರ್‌ನ ಹೊಸ ಪ್ರಕರಣ ಜಗತ್ತಿನಲ್ಲಿ ಸುಮಾರು 3.9 ಲಕ್ಷ, ಸಾವು 1.88 ಲಕ್ಷ. ಹೊಸ ಪ್ರಕರಣಗಳಲ್ಲಿ ಭಾರತದ್ದೇ 1.44 ಲಕ್ಷದಷ್ಟು. ಇಷ್ಟು ಹುಡುಕಲು ಎರಡು ನಿಮಿಷ ಸಾಕು. ಜನ ಎಡವುವುದು ಆಮೇಲೆ.

ಪಟ್ಟಿಯಲ್ಲಿ ‘ಲಿಪ್, ಓರಲ್ ಕ್ಯಾವಿಟಿ’ (ತುಟಿ, ಬಾಯಿ) ಆರಿಸಿದ ಮೇಲೆ ಅಳತೆ ‘ಎಎಸ್‌ಆರ್’ನಲ್ಲಿದೆಯೇ ನೋಡಿಕೊಳ್ಳಿ. ದೇಶಗಳ ವಯೋಮಾನದ ವ್ಯತ್ಯಾಸ ಸರಿದೂಗಿಸಿ, ಲಕ್ಷ ಜನರಿಗೆ ಎಷ್ಟು ಎಂದು ಹೇಳುವ ದರ ಇದು. ಬರೀ ಸಂಖ್ಯೆ ಇಟ್ಟರೆ ಕಾಣುವುದು ಜನಸಂಖ್ಯೆಯ ನಕ್ಷೆಯೇ. ಆಸ್ಟ್ರೇಲಿಯಾದ ಉತ್ತರಕ್ಕಿರುವ ಪಪುವಾ ನ್ಯೂಗಿನಿ ದೇಶ ಸಂಖ್ಯೆಯಲ್ಲಿ ಕಣ್ಣಿಗೂ ಬೀಳದು, ದರಕ್ಕೆ ಬದಲಿಸಿದರೆ ಮುಂಚೂಣಿಗೆ ಬರುತ್ತದೆ. ಅಲ್ಲೂ ಜನ ಜಗಿಯುವುದು ಅಡಿಕೆ, ಸುಣ್ಣವೇ. ವೀಳ್ಯದೆಲೆಯ ಜಾಗದಲ್ಲಿ ಹೆಚ್ಚಾಗಿ ಆ ಬಳ್ಳಿಯ ಕಾಯಿ. ಹೊಗೆಸೊಪ್ಪು ಬೆರೆಸದ ಅಡಿಕೆಯೂ ಕ್ಯಾನ್ಸರ್‌ಕಾರಕ ಎಂದು 2004ರಲ್ಲಿ ವರದಿ ಪ್ರಕಟಿಸಿದ್ದು ಇದೇ ಸಂಸ್ಥೆ.

ವಿಂಗಡಣೆಯಲ್ಲೊಂದು ತೊಡಕಿದೆ. ‘ಲಿಪ್, ಓರಲ್ ಕ್ಯಾವಿಟಿ’ ಗುಂಪಿನಲ್ಲಿ ರೋಗಗಳ ಅಂತರರಾಷ್ಟ್ರೀಯ ವರ್ಗೀಕರಣದ ಸಿ00ರಿಂದ ಸಿ06ರವರೆಗಿನ ಸಂಕೇತಗಳಿವೆ. ಸಿ01 ಎಂದರೆ ನಾಲಿಗೆಯ ಬುಡ; ವೈದ್ಯರು ಅದನ್ನು ಗಂಟಲಿನ ಭಾಗವಾಗಿಯೇ ನೋಡುತ್ತಾರೆ. ಅಮೆರಿಕದಲ್ಲಿ ಎಚ್‌ಪಿವಿ (ಹ್ಯೂಮನ್ ಪ್ಯಾಪಿಲೋಮಾ) ವೈರಸ್‌ನಿಂದ ಹೆಚ್ಚಿದ ಕ್ಯಾನ್ಸರ್ ಟಾನ್ಸಿಲ್ ಮತ್ತು ಈ ಬುಡದ್ದು. ಟಾನ್ಸಿಲ್ ಮಾತ್ರ ‘ಓರೊಫೆರಿಂಕ್ಸ್’ (ಬಾಯಿಯ ಹಿಂದಿನ ಗಂಟಲು) ಗುಂಪಿಗೆ ಹೋಗಿದೆ. ಹಾಗಾಗಿ ಅಮೆರಿಕದ ಬಾಯಿಯ ಅಂಕಿಯನ್ನು ನಮ್ಮ ಕೆನ್ನೆ, ವಸಡಿನ ಕ್ಯಾನ್ಸರ್ ಅಂಕಿಯ ಪಕ್ಕ ಕಣ್ಣುಮುಚ್ಚಿ ಇಡಬೇಡಿ.

ಇನ್ನೂ ಸಾಮಾನ್ಯ ತಪ್ಪು: 2020ರ 3.78 ಲಕ್ಷವನ್ನು 2022ರ ಸಂಖ್ಯೆಯಿಂದ ಕಳೆದು ‘ಎರಡೇ ವರ್ಷದಲ್ಲಿ ಹನ್ನೆರಡು ಸಾವಿರ ಏರಿಕೆ’ ಅನ್ನುವುದು. ಪ್ರತಿ ಆವೃತ್ತಿಯಲ್ಲೂ ಮೂಲ ದತ್ತಾಂಶ, ವಿಧಾನ ಬದಲಾಗುತ್ತವೆ. ಆ ಕಳೆಯುವ ಲೆಕ್ಕಕ್ಕೆ ಅರ್ಥವಿಲ್ಲ. ಏರಿಳಿತ ಬೇಕಿದ್ದರೆ ಅದೇ ಸಂಸ್ಥೆಯ ‘ಕ್ಯಾನ್ಸರ್ ಓವರ್ ಟೈಮ್’ ತಾಣ ತೆರೆಯಿರಿ. ಅದು ಕ್ಯಾನ್ಸರ್ ರೋಗಿಗಳ ಲೆಕ್ಕ ಇಡುವ ನೋಂದಣಿ ಕೇಂದ್ರಗಳ ನಿಜವಾದ ಎಣಿಕೆ, ಆದರೆ ಕೆಲವು ವರ್ಷ ಹಿಂದಿನದು. ಭಾರತದಲ್ಲಂತೂ ನೋಂದಣಿ ಇರುವುದು ಜನಸಂಖ್ಯೆಯ ಸಣ್ಣ ಪಾಲಿಗೆ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯದು 1980ರ ದಶಕದ ಆರಂಭದಿಂದ ನಡೆದು ಬಂದ ನೋಂದಣಿ, ಒಳ್ಳೆಯದೇ. ಆದರೆ ನಗರದ ಲೆಕ್ಕ. ರಾಯಚೂರಿನ ಹಳ್ಳಿಯ ಗುಟ್ಕಾ ಬಾಯಿ ಅದರಲ್ಲಿ ಕಾಣುವುದಿಲ್ಲ.