ಹಲಗೆಗೆ ಕಟ್ಟಿದ ಆರ್ಕಿಡ್ ಕೊಳ್ಳುವ ಮೊದಲು ಪಾಚಿ ಸರಿಸಿ ನೋಡಿ

ಸಂತೆ, ಮೇಳ, ಹೆದ್ದಾರಿ ಬದಿ ಎಲ್ಲಿ ನೋಡಿದರೂ ಈಗ ಮರದ ಹಲಗೆಗೆ ಕಟ್ಟಿದ ಆರ್ಕಿಡ್ ಸಿಗುತ್ತದೆ. ಹೂ ಬಿಟ್ಟ ಫೆಲನಾಪ್ಸಿಸ್, ಮಿರಿಮಿರಿ ವಾರ್ನಿಶ್ ಹೊಡೆದ ಹಲಗೆ, ಬುಡದ ಸುತ್ತ ಹಸಿರು ಪಾಚಿ, ನೇತುಹಾಕಲು ಒಂದು ಕೊಕ್ಕೆ. ಏಪ್ರಿಲ್‌ನಲ್ಲಿ ತಂದು ಜಗಲಿಗೆ ತೂಗಿಸಿದರೆ ಮೇ ಮುಗಿಯುವ ತನಕ ಕಣ್ಣಿಗೆ ಹಬ್ಬ. ಮೃಗಶಿರಾ ಮಳೆ ದಾಟುತ್ತಿದ್ದಂತೆ ಕೆಳಗಿನ ಎಲೆ ಹಳದಿಗೆ ತಿರುಗುತ್ತದೆ, ಆರಿದ್ರಾ ಹೊತ್ತಿಗೆ ಬುಡ ಕಪ್ಪಾಗುತ್ತದೆ, ಪುನರ್ವಸುವಿನಲ್ಲಿ ಎಲೆ ಮುಟ್ಟಿದರೆ ಇಡೀ ತಲೆಯೇ ಕಳಚಿ ಕೈಗೆ ಬರುತ್ತದೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಹೀಗೆ ದುಡ್ಡು ಕಳೆದುಕೊಂಡವರು ಒಬ್ಬಿಬ್ಬರಲ್ಲ. ಮಾರಿದವರನ್ನು ಕೇಳಿದರೆ ಬರುವ ಉತ್ತರ ಒಂದೇ: "ನೀವು ನೀರು ಜಾಸ್ತಿ ಹಾಕಿದ್ದೀರಿ." ಮಳೆಗಾಲದ ಮಲೆನಾಡಿನಲ್ಲಿ ಆರ್ಕಿಡ್‌ಗೆ ನೀರು ಹಾಕುವವರು ಯಾರು?

ಹಾಗೆ ಸತ್ತ ಹಲಗೆಯೊಂದನ್ನು ಬಿಚ್ಚಿದರೆ ಕಥೆ ಅರ್ಥವಾಗುತ್ತದೆ. ಮೇಲಿನ ಪದರ ಬಣ್ಣ ಹಾಕಿದ ತೆಂಗಿನ ನಾರು. ಅದರ ಕೆಳಗೆ ಒಂದು ಮುಷ್ಟಿ ಸ್ಫ್ಯಾಗ್ನಮ್ ಪಾಚಿ, ಹಿಂಡಿದರೆ ಕಂದು ನೀರು ಸುರಿಯುತ್ತದೆ. ಪಾಚಿಯ ಒಳಗೆ, ಗಿಡದ ಬುಡಕ್ಕೆ ಅಂಟಿಕೊಂಡು, ಹೆಬ್ಬೆರಳು ಗಾತ್ರದ ಇನ್ನೊಂದು ಮುದ್ದೆ. ಅಂಗಾಂಶ ಕೃಷಿಯ, ಅಂದರೆ ಪ್ರಯೋಗಾಲಯದ ಬಾಟಲಿಯಲ್ಲಿ ಬೆಳೆಸಿದ, ಸಸಿಯನ್ನು ನರ್ಸರಿಯವರು ಬಾಟಲಿಯಿಂದ ತೆಗೆದು ಮೊದಲು ನೆಡುವ ಪ್ಲಗ್ ಅದು. ಕೆಲವದರಲ್ಲಿ ಪ್ಲಾಸ್ಟಿಕ್ ಬಲೆಯ ಪುಟ್ಟ ಬುಟ್ಟಿಯೂ ಹಾಗೇ ಉಳಿದಿರುತ್ತದೆ. ಅದರೊಳಗಿನ ಬೇರನ್ನು ಎರಡು ಬೆರಳಲ್ಲಿ ಹಿಡಿದು ಎಳೆದರೆ ಹೊರಗಿನ ಸಿಪ್ಪೆ ಜಾರಿ ಬಂದು ನಡುವೆ ತಂತಿಯಂಥ ಎಳೆ ಮಾತ್ರ ಉಳಿಯುತ್ತದೆ. ಇನ್ನು ಹಲಗೆ: ವಾರ್ನಿಶ್ ಹೊಡೆದ ಆ ಮೈಗೆ ಒಂದು ಬೇರೂ ಅಂಟಿರುವುದಿಲ್ಲ. ಅಂದರೆ ಅದು ಹಲಗೆಯಲ್ಲಿ ಬೆಳೆದ ಗಿಡವೇ ಅಲ್ಲ. ಕುಂಡದಿಂದ ಕಿತ್ತು, ಮಣ್ಣಿಲ್ಲದ ಕುಂಡವೊಂದನ್ನೇ ಹಲಗೆಗೆ ಕಟ್ಟಿ, ಹೆಚ್ಚು ಬೆಲೆಗೆ ಮಾರಿದ ಸರಕು.

ಮರದ ಮೇಲೆ ಬೆಳೆಯುವ ಆರ್ಕಿಡ್‌ನ ಬೇರಿಗೆ ವೆಲಮೆನ್ ಎಂಬ ದಪ್ಪ ಹೊದಿಕೆ ಇದೆ. ಒಣಗಿದಾಗ ಅದರ ಸತ್ತ ಕೋಶಗಳಲ್ಲಿ ಗಾಳಿ ತುಂಬಿ ಬೇರು ಬೆಳ್ಳಿಯಂತೆ ಕಾಣುತ್ತದೆ. ನೀರು ಬಿದ್ದರೆ ಕ್ಷಣದಲ್ಲಿ ಹೀರಿ, ಒಳಗಿನ ಹಸಿರು ಹೊರಗೆ ಕಾಣುತ್ತದೆ. ನೀರು ಹೀರುವುದು ಎಷ್ಟು ಮುಖ್ಯವೋ ಬೇಗ ಒಣಗಿ ಉಸಿರಾಡುವುದೂ ಅಷ್ಟೇ ಮುಖ್ಯ. ನೀರು ಸಿಂಪಡಿಸಿದ ಮೂರು ನಾಲ್ಕು ಗಂಟೆಯಲ್ಲಿ ಬೇರು ಮತ್ತೆ ಬೆಳ್ಳಗಾದರೆ ಕಟ್ಟಿದ್ದು ಸರಿಯಿದೆ ಎಂದರ್ಥ. ಮಾರನೆಯ ಬೆಳಿಗ್ಗೆಯೂ ಹಸಿರಾಗಿಯೇ ಇದ್ದರೆ ಅಲ್ಲಿ ಗಾಳಿ ಆಡುತ್ತಿಲ್ಲ. ಕಾಡಿನಲ್ಲಿ ಇದೇ ಬೇರುಗಳು ಆಗುಂಬೆಯ ಏಳು ಸಾವಿರ ಮಿಲಿಮೀಟರ್ ಮಳೆಯಲ್ಲಿ ನೆನೆದೂ ಬದುಕುತ್ತವಲ್ಲ ಎಂದು ಕೇಳಬಹುದು. ಬದುಕುತ್ತವೆ, ಯಾಕೆಂದರೆ ಅಲ್ಲಿ ಅವು ಕೊಂಬೆಯ ಮೈಗೆ ಅಂಟಿ ಬಯಲಲ್ಲಿರುತ್ತವೆ. ಮಳೆ ಹೊಳವಾದ ಅರ್ಧ ಗಂಟೆಗೆ ಗಾಳಿ ಒಂದು ಸುತ್ತು ಬೀಸಿ ಹೋಗುತ್ತದೆ. ಪಾಚಿಯ ಮುದ್ದೆಯೊಳಗೆ ಆ ಗಾಳಿ ತಲುಪುವುದಿಲ್ಲ.

ಹಲಗೆಗೆ ಕಟ್ಟುವಾಗ ಬೇರಿಗೆ ಪಾಚಿ ಕಟ್ಟಿ ಎಂದು ಆರ್ಕಿಡ್ ಬೆಳೆಸುವವರಿಗೆ ಕೊಡುವ ಸಲಹೆ ಪೂರ್ತಿ ಸುಳ್ಳಲ್ಲ. ಅದು ಒಣಹವೆಯ ಊರುಗಳಿಗೆ, ಹೀಟರ್ ಹಾಕಿದ ಕೋಣೆಗಳಿಗೆ ಬರೆದ ಸಲಹೆ. ಕಣ್ಣುಮುಚ್ಚಿ ಇಲ್ಲಿಗೆ ತಂದದ್ದು ತಪ್ಪು. ನಮ್ಮ ಶಿವಮೊಗ್ಗ ಜಿಲ್ಲೆಯೊಳಗೇ ಹವೆ ಒಂದೇ ಥರ ಇಲ್ಲ. ಶಿವಮೊಗ್ಗ ಪೇಟೆ, ಭದ್ರಾವತಿ, ಶಿಕಾರಿಪುರದ ಕಡೆ ಮಳೆ ಕಡಿಮೆ, ಮಾರ್ಚ್–ಏಪ್ರಿಲ್ ಬಿಸಿಲು ಜೋರು. ಅಲ್ಲಿ ಬೇರಿನ ಹಿಂದೆ, ಹಲಗೆಗೂ ಗಿಡಕ್ಕೂ ನಡುವೆ, ಅರ್ಧ ಸೆಂಟಿಮೀಟರಿಗಿಂತ ತೆಳುವಾಗಿ ಪಾಚಿ ಹಾಸಬಹುದು. ಬೇರಿನ ಮೇಲೆ ಮಾತ್ರ ಎಂದೂ ಹೊದಿಸಬಾರದು, ಬುಡಕ್ಕಂತೂ ತಾಗಿಸಲೇಬಾರದು. ತೀರ್ಥಹಳ್ಳಿ ದಾಟಿ ಘಟ್ಟದ ಅಂಚಿಗೆ ಹೋದಂತೆ ಪಾಚಿಯ ಸುದ್ದಿಯೇ ಬೇಡ. ಬರೀ ಮರ, ಬರೀ ಬೇರು. ಬೇಸಿಗೆಯಲ್ಲಿ ದಿನಕ್ಕೆರಡು ಸಲ ನೀರು ಸಿಂಪಡಿಸುವ ತಾಪತ್ರಯ ಇದ್ದೇ ಇದೆ. ಅದು ಆಗದು ಎನ್ನುವವರು ಹಲಗೆ ಬಿಟ್ಟು ಇದ್ದಿಲು ತುಂಬಿದ ತೂತಿನ ಕುಂಡದಲ್ಲಿ ಬೆಳೆಸುವುದೇ ವಾಸಿ.

ಮರದ ಆಯ್ಕೆಯಲ್ಲೂ ಮೋಸ ಹೋಗುವುದು ಸುಲಭ. ನಂದಿ, ಪೇರಲೆ, ನೀಲಗಿರಿ ತೊಗಟೆ ಕಳಚುವ ಮರಗಳು. ಬೇರು ಹಿಡಿದ ತೊಗಟೆಯೇ ಮರುವರ್ಷ ಉದುರಿದರೆ ಗಿಡ ನೆಲಕ್ಕೆ. ಅಡಿಕೆ ದಬ್ಬೆ ಪುಕ್ಕಟೆ ಸಿಗುತ್ತದೆಂದು ಬಹಳ ಜನ ಬಳಸುತ್ತಾರೆ, ಒಳಗಿನ ಮೆತ್ತನೆ ತಿರುಳು ಒಂದೆರಡು ಮಳೆಗಾಲದಲ್ಲಿ ಕೊಳೆತು ಅಣಬೆ ಏಳುತ್ತದೆ. ತೆಂಗಿನ ಸಿಪ್ಪೆಯದ್ದೂ ಅದೇ ಹಣೆಬರಹ, ಜೊತೆಗೆ ಅದರಲ್ಲಿ ಉಪ್ಪಿನಂಶ. ಪ್ಲೈವುಡ್ ಬೇಡ. ಗೆದ್ದಲು ಹಿಡಿಯದಂತೆ ಮದ್ದು ಏರಿಸಿದ, ಹಸಿರು ಛಾಯೆಯ ಪ್ಯಾಕಿಂಗ್ ಮರವಂತೂ ಬೇಡವೇ ಬೇಡ, ಅದರಲ್ಲಿ ತಾಮ್ರ, ಆರ್ಸೆನಿಕ್ ಇರಬಹುದು. ನಮ್ಮಲ್ಲಿ ಒಳ್ಳೆಯದು ಹಳೆಯ ಕಾಫಿ ಗಿಡದ ಬೊಡ್ಡೆ, ಹಲಸಿನ ಚೇಗು, ಹುಣಸೆ. ಕಿತ್ತು ಹಾಕಿದ ಕಾಫಿ ಬೊಡ್ಡೆ ತೋಟದವರಲ್ಲಿ ಕೇಳಿದರೆ ಸಿಗುತ್ತದೆ. ಸೌದೆಗೆ ಹೋಗುವುದು ನಿಮ್ಮ ಗೋಡೆಗೆ ಬಂದೀತು. 25 ಸೆಂಟಿಮೀಟರ್ ಉದ್ದ, 12 ಅಗಲ, 3 ದಪ್ಪದ ತುಂಡು ಒಂದು ಮಧ್ಯಮ ಗಿಡಕ್ಕೆ ಸಾಕು. ನೀರಲ್ಲಿ ಮುಳುಗಿಸಿಟ್ಟು ದಿನಾ ನೀರು ಬದಲಿಸಿ, ಕಂದು ಬಣ್ಣ ಬಿಡುವುದು ನಿಂತ ಮೇಲೆ ಒಣಗಿಸಿ. ಪಾಲಿಶ್, ವಾರ್ನಿಶ್, ಗೇರೆಣ್ಣೆ ಯಾವುದೂ ಬೇಡ. ಮೈ ಒರಟಿದ್ದಷ್ಟೂ ಬೇರಿಗೆ ಹಿಡಿತ.

ಕಟ್ಟಲು ಮನೆಯಲ್ಲಿದ್ದ ವಿದ್ಯುತ್ ತಂತಿಯ ತಾಮ್ರ ಬಿಚ್ಚಿ ಸುತ್ತುವವರಿದ್ದಾರೆ. ತಾಮ್ರ ಬೇರಿಗೆ ವಿಷ. ಕಬ್ಬಿಣದ ಕಟ್ಟುತಂತಿ ತುಕ್ಕು ಹಿಡಿದು ಬೇರು ಕೊಯ್ಯುತ್ತದೆ. ಅಂಟಿನ ಗನ್ನಿನಿಂದ ಬಿಸಿ ಅಂಟು ಹಾಕಿದ ಗಿಡಗಳೂ ಮಾರಾಟಕ್ಕೆ ಬರುತ್ತಿವೆ, ಅಂಟು ತಾಗಿದಲ್ಲಿ ಬೇರು ಬೆಂದಿರುತ್ತದೆ. ಮೀನಿನ ಗಾಳದ ನೈಲಾನ್ ದಾರ ಒಳ್ಳೆಯದು. ಬೇರಿಗೆ ತಾಗುವ ಕಡೆ ಹಳೆಯ ಕಾಲುಚೀಲದ ತೆಳು ಪಟ್ಟಿ ಇಟ್ಟು ಅದರ ಮೇಲೆ ದಾರ ಬಿಗಿಯಿರಿ. ಹಲಗೆ ಹಿಡಿದು ಅಲುಗಿಸಿದರೆ ಗಿಡ ಅಲುಗಬಾರದು. ಚೂರೇ ಅಲುಗಿದರೂ ಹೊಸ ಬೇರಿನ ತುದಿ ಮರಕ್ಕೆ ಉಜ್ಜಿ ನಿಂತುಬಿಡುತ್ತದೆ, ಗಿಡ ವರ್ಷಗಟ್ಟಲೆ ದಾರದ ಮೇಲೇ ಬದುಕುತ್ತದೆ.

ಕಟ್ಟುವ ಕಾಲ ತಪ್ಪಿದರೆ ಉಳಿದದ್ದೆಲ್ಲ ಸರಿ ಮಾಡಿಯೂ ಪ್ರಯೋಜನವಿಲ್ಲ. ಸಸಿ ಹಚ್ಚುವ ಕಾಲ ಎಂದು ಜೂನ್–ಜುಲೈನಲ್ಲಿ ಆರ್ಕಿಡ್ ಕಟ್ಟುವುದು ನಮ್ಮವರ ದೊಡ್ಡ ತಪ್ಪು. ಹಸಿರು ಅಥವಾ ಕೆಂಪು ತುದಿಯ ಹೊಸ ಬೇರು ಒಂದೆರಡು ಮಿಲಿಮೀಟರ್ ಮೂಡಿದಾಗ ಕಟ್ಟಬೇಕು. ಮಲೆನಾಡಿನಲ್ಲಿ ಬಹುತೇಕ ಗಿಡಗಳಿಗೆ ಅದು ಫೆಬ್ರವರಿ ಕೊನೆಯಿಂದ ಏಪ್ರಿಲ್ ಅಡ್ಡಮಳೆಯ ತನಕ. ಮುಂಗಾರು ಇಳಿಯುವಷ್ಟರಲ್ಲಿ ಬೇರು ಮರ ಹಿಡಿದಿರುತ್ತದೆ, ಗಾಯಗಳು ಒಣಗಿರುತ್ತವೆ.

ಕಟ್ಟುವಾಗ ತಲೆ ಯಾವ ಕಡೆ ಎಂಬುದನ್ನು ಯಾರೂ ಹೇಳಿಕೊಡುವುದಿಲ್ಲ. ಫೆಲನಾಪ್ಸಿಸ್, ವಾಂಡಾ, ನಮ್ಮ ಕಾಡಿನ ಆರ್ಕಿಡ್ ಸೀತಾಳೆ ದಂಡೆಯಂಥ ಒಂಟಿ ಕಾಂಡದ ಗಿಡಗಳಿಗೆ ಇರುವುದು ಒಂದೇ ಚಿಗುರು. ಎಲೆಗಳ ನಡುವೆ ನೀರು ನಿಂತರೆ ಆ ಚಿಗುರು ಕೊಳೆಯುತ್ತದೆ, ಮುಗಿಯಿತು. ಮಾರಾಟದ ಹಲಗೆಗಳಲ್ಲಿ ಚೆಂದ ಕಾಣಲೆಂದು ತಲೆ ಆಕಾಶ ನೋಡುವಂತೆ ಕಟ್ಟಿರುತ್ತಾರೆ. ನೀವು ತಲೆ ಪಕ್ಕಕ್ಕೆ ಅಥವಾ ಕೆಳಕ್ಕೆ ಬಾಗುವಂತೆ ಕಟ್ಟಿ. ಹಲಗೆಯನ್ನು ಗೋಡೆಗೆ ಒತ್ತಿ ಮೊಳೆ ಹೊಡೆಯದೆ ಮಾಡಿನ ಜಂತಿಯಿಂದ ತಂತಿಯಲ್ಲಿ ಇಳಿಬಿಡಿ, ಸುತ್ತ ಗಾಳಿ ಆಡುತ್ತದೆ, ಶಂಖದ ಹುಳು ಹತ್ತುವುದೂ ಕಡಿಮೆ. ಹೆಂಚಿನ ಸೂರಿನ ನೀರು ಬೀಳುವ ಗೆರೆಯಿಂದ ಒಂದೂವರೆ ಅಡಿ ಒಳಗಿರಲಿ. ಮಳೆಗಾಲದಲ್ಲಿ ರಾತ್ರಿ ಟಾರ್ಚ್ ಹಿಡಿದು ನೋಡಿದರೆ ಬೇರಿನ ಎಳೆ ತುದಿ ಮೇಯುತ್ತಿರುವ ಹುಳು ಕೈಗೇ ಸಿಗುತ್ತದೆ. ನಾಯಿ ಬೆಕ್ಕು ಇರುವ ಮನೆಯಲ್ಲಿ ಶಂಖದ ಹುಳು ಕೊಲ್ಲುವ ಮೆಟಾಲ್ಡಿಹೈಡ್ ಗುಳಿಗೆ ಎರಚಬೇಡಿ, ಹೆಕ್ಕಿ ಉಪ್ಪುನೀರಿಗೆ ಹಾಕುವುದೇ ಸರಿ.

ಅಡಿಕೆ ತೋಟದ ಮನೆಯವರಿಗೆ ಇನ್ನೊಂದು ಎಚ್ಚರಿಕೆ. ಆರ್ಕಿಡ್‌ನ ಕಪ್ಪು ಕೊಳೆಗೂ ಅಡಿಕೆಯ ಕೊಳೆ ರೋಗಕ್ಕೂ ಕಾರಣವಾಗುವುದು ಒಂದೇ ಕುಲದ ಜೀವಿ, ಫೈಟಾಫ್ತೊರಾ. ಹಾಗಾಗಿ ಬುಡ ಕಪ್ಪಾದ ಕೂಡಲೇ ಬೋರ್ಡೋ ಹೊಡೆಯೋಣ ಅನ್ನಿಸುವುದು ಸಹಜ. ಮಾಡಬೇಡಿ. ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣದ ಆ ದ್ರಾವಣ ಅಡಿಕೆಗೊನೆಗೆ ಸರಿ; ಆರ್ಕಿಡ್‌ನ ಎಳೆ ಬೇರು, ಚಿಗುರು ತಾಮ್ರದಿಂದ ಸುಟ್ಟು ಕಪ್ಪಾಗುತ್ತವೆ, ಡೆಂಡ್ರೋಬಿಯಂ ಕುಲದ ಆರ್ಕಿಡ್‌ಗಳಿಗಂತೂ ಅದು ಆಗಿಬರುವುದೇ ಇಲ್ಲ. ತೋಟದಲ್ಲಿ ಔಷಧಿ ಹೊಡೆಯುವ ದಿನ ಗಾಳಿಗೆ ತೇಲಿ ಬರುವ ಹನಿಯೂ ಸಾಕು, ಹಲಗೆಗಳನ್ನು ಒಳಗಿಡಿ. ಅಡಿಕೆ ಮರಕ್ಕೇ ಆರ್ಕಿಡ್ ಕಟ್ಟುವ ಆಸೆ ಇದ್ದರೆ ಬಿಟ್ಟುಬಿಡಿ. ಗೊನೆಗೆ ಹೊಡೆದದ್ದೆಲ್ಲ ಅದೇ ಮರದ ಮೈಮೇಲೆ ಇಳಿಯುತ್ತದೆ.

ಕಾಡಿನಿಂದ ಕಿತ್ತ ಗಿಡಗಳದು ಬೇರೆಯದೇ ದಗಲ್ಬಾಜಿ. ಸೀತಾಳೆ ದಂಡೆ ಹೂ ಬಿಡುವ ಮೇ–ಜೂನ್‌ನಲ್ಲಿ ರಸ್ತೆ ಬದಿ ಹೂಗೊಂಚಲು ಸಮೇತ ತಂದು ಹಲಗೆಗೆ ಕಟ್ಟಿ ಮಾರುತ್ತಾರೆ. ಹೂ ಬಿಟ್ಟಿದೆ ಎಂದರೆ ಗಿಡ ಗಟ್ಟಿ ಎಂದುಕೊಳ್ಳಬೇಡಿ. ಆ ಗೊಂಚಲು ಕೀಳುವ ಮೊದಲೇ ಮೂಡಿದ್ದು. ಮರದಿಂದ ಎಬ್ಬಿಸುವಾಗ ಬೇರೆಲ್ಲ ಹರಿದು ಎರಡಿಂಚಿನ ಮೋಟು ಉಳಿದಿರುತ್ತದೆ, ದಪ್ಪ ಎಲೆಯಲ್ಲಿ ಕೂಡಿಟ್ಟ ನೀರಿನ ಮೇಲೆ ಗಿಡ ತಿಂಗಳುಗಟ್ಟಲೆ ಉಸಿರು ಹಿಡಿದು, ಮುಂದಿನ ಬೇಸಿಗೆಯಲ್ಲಿ ಸುಕ್ಕಾಗಿ ಸಾಯುತ್ತದೆ. ಗುರುತು ಹಿಡಿಯುವುದು ಕಷ್ಟವಲ್ಲ: ಮುರಿದ ಬೇರಿನ ಮೋಟಿಗೆ ತೊಗಟೆಯ ಚೂರು ಅಂಟಿರುತ್ತದೆ, ಹಳೆಯ ಎಲೆಯ ಮೇಲೆ ಕಲ್ಲುಹೂವಿನ ಕಲೆ, ಹುಳು ತಿಂದ ತೂತು, ಒಂದು ಗಿಡದಂತೆ ಇನ್ನೊಂದಿಲ್ಲ. ನರ್ಸರಿ ಗಿಡಗಳಿಗೆ ಸಮ ಗಾತ್ರ, ಹೆಸರಿನ ಚೀಟಿ ಇರುತ್ತದೆ. ಕಾಡಿನ ಗಿಡ ಕಿತ್ತು ತರುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯಡಿ ಅಪರಾಧವೂ ಹೌದು; ಆರ್ಕಿಡ್ ಕುಟುಂಬ ಪೂರ್ತಿ, ಕಾಡಿನ ಗಿಡ–ಪ್ರಾಣಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿದೆ. ಗಾಳಿಮಳೆಗೆ ನಿಮ್ಮದೇ ಅಂಗಳದ ಮಾವಿನ ಕೊಂಬೆ ಬಿದ್ದು ಅದರಲ್ಲಿ ಸೀತಾಳೆ ಇದ್ದರೆ ಮಾತು ಬೇರೆ. ಬೇರು ಬಿಡಿಸದೆ ಕೊಂಬೆಯನ್ನೇ ಗರಗಸದಲ್ಲಿ ತುಂಡು ಮಾಡಿ ಹಾಗೇ ನೇತುಹಾಕಿ.

ಈಗಾಗಲೇ ಪಾಚಿಯ ಹಲಗೆ ತಂದಾಗಿದೆ ಎಂದರೆ ಮಳೆ ಕೂರುವ ಮೊದಲು ಬಿಚ್ಚಿ. ದಾರ ಕತ್ತರಿಸಿ, ಗಿಡವನ್ನು ಇಪ್ಪತ್ತು ನಿಮಿಷ ನೀರಲ್ಲಿಟ್ಟರೆ ಪಾಚಿ ಸಡಿಲವಾಗುತ್ತದೆ. ಬೆರಳಿಂದ ಬಿಡಿಸಿ, ಒಳಗಿನ ಪ್ಲಗ್ ಮತ್ತು ಪ್ಲಾಸ್ಟಿಕ್ ಬಲೆಯನ್ನು ಸಣ್ಣ ಕತ್ತರಿಯಲ್ಲಿ ತುಂಡು ತುಂಡಾಗಿ ತೆಗೆಯಿರಿ. ಅವಸರ ಮಾಡಿ ಎಳೆದರೆ ಒಳ್ಳೆಯ ಬೇರೂ ಹೋಗುತ್ತದೆ. ಒತ್ತಿದರೆ ಗಟ್ಟಿ ಇರುವ ಬೇರು ಕಂದಾಗಿದ್ದರೂ ಇರಲಿ. ಮೆತ್ತಗಾದದ್ದನ್ನು ಬೆಂಕಿಗೆ ಹಿಡಿದ ಬ್ಲೇಡಿನಲ್ಲಿ ಕತ್ತರಿಸಿ. ಬುಡ ಕಪ್ಪಾಗಿದ್ದರೆ ಕಪ್ಪು ದಾಟಿ ಒಂದು ಸೆಂಟಿಮೀಟರ್ ಹಸಿರು ಸೇರಿಸಿ ಕೊಯ್ಯಬೇಕು. ಕಾಳುಮೆಣಸಿನ ಸೊರಗು ರೋಗಕ್ಕೆ ತರುವ ಮೆಟಲಾಕ್ಸಿಲ್–ಮ್ಯಾಂಕೊಜೆಬ್ ಪುಡಿ ಲೀಟರಿಗೆ 2 ಗ್ರಾಂ ಕದಡಿ, ಕೈಗವಸು ಹಾಕಿಕೊಂಡು ಗಿಡ ಅದ್ದಿ ತೆಗೆಯಿರಿ. ಅದರಲ್ಲಿ ತಾಮ್ರ ಇಲ್ಲ. ತಾಮ್ರ ಬೆರೆತ ಇನ್ನೊಂದು ಪುಡಿಯೂ ಅದೇ ಅಂಗಡಿಯಲ್ಲಿರುತ್ತದೆ, ಪೊಟ್ಟಣ ಓದಿ ಕೊಳ್ಳಿ. ಎರಡು ದಿನ ನೆರಳಲ್ಲಿ ತಲೆಕೆಳಗಾಗಿ ತೂಗಿಸಿ. ಆಮೇಲೆ ತಕ್ಷಣ ಹಲಗೆಗೆ ಕಟ್ಟಬೇಡಿ, ಖಾಲಿ ಮಣ್ಣಿನ ಕುಂಡದಲ್ಲಿ ಬರಿಬೇರಿನಲ್ಲೇ ಜಗಲಿಯಲ್ಲಿಡಿ. ಮಳೆಗಾಲದ ತೇವದ ಗಾಳಿಯೇ ಅದಕ್ಕೆ ಹೆಚ್ಚೂಕಡಿಮೆ ಸಾಕು. ಹೊಸ ಬೇರಿನ ತುದಿ ಕಂಡ ದಿನ ಹಲಗೆ ಹುಡುಕಿ.

ಬ್ಲೇಡ್ ಹಾಕಿದಾಗ ಕಾಂಡದ ನಡುವಿನಲ್ಲೇ ಕಪ್ಪು ಉಂಗುರ ಕಂಡರೆ, ಅಥವಾ ಎಲೆ ನೀರು ತುಂಬಿದಂತಾಗಿ ಕೆಟ್ಟ ವಾಸನೆ ಬಂದರೆ, ಆ ಗಿಡವನ್ನು ಉಳಿಸಲು ಹೋಗಬೇಡಿ. ಗೊಬ್ಬರದ ಗುಂಡಿಗೂ ಹಾಕದೆ ಸುಟ್ಟುಬಿಡಿ, ಪಕ್ಕದ ಹಲಗೆಗಳನ್ನು ಮುಟ್ಟುವ ಮೊದಲು ಕೈಯನ್ನೂ ಬ್ಲೇಡನ್ನೂ ತೊಳೆಯಿರಿ.