ಭೂಮಿಯಲ್ಲಿ ಫ್ರಾನ್ಸಿಯಂ ಎಷ್ಟಿದೆ? ಲೈವ್‌ಚಾರ್ಟ್‌ಗೆ ಒಂದು ಪರೀಕ್ಷೆ

ವಿಯೆನ್ನಾದ ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯ ದತ್ತಾಂಶ ವಿಭಾಗ ನಡೆಸುವ ‘ಲೈವ್‌ಚಾರ್ಟ್ ಆಫ್ ನ್ಯೂಕ್ಲೈಡ್ಸ್’ ಉಚಿತ ಆನ್‌ಲೈನ್ ಸೇವೆ. ನೋಂದಣಿ ಬೇಡ, ಲಾಗಿನ್ ಬೇಡ. ಪ್ರತಿ ಐಸೊಟೋಪಿಗೂ (ಒಂದೇ ಧಾತುವಿನ, ಬೇರೆ ಬೇರೆ ದ್ರವ್ಯರಾಶಿಯ ಪರಮಾಣು ರೂಪ) ಒಂದು ಚೌಕ. ಒತ್ತಿದರೆ ಅರ್ಧಾಯು (ಇದ್ದ ಪರಮಾಣುಗಳಲ್ಲಿ ಅರ್ಧ ಕ್ಷಯಿಸಲು ಬೇಕಾದ ಕಾಲ), ಕ್ಷಯದ ದಾರಿಗಳು, ಪ್ರತಿ ದಾರಿಯ ಶೇಕಡಾವಾರು, ಹೊರಬರುವ ವಿಕಿರಣದ ಶಕ್ತಿ ಎಲ್ಲವೂ ಸಿಗುತ್ತವೆ. ಬಣ್ಣದ ನಕ್ಷೆ ನೋಡಿ ಮೆಚ್ಚುವುದು ಸುಲಭ. ಆದರೆ ಇಂಥ ಸೇವೆಯನ್ನು ಒಂದು ನಿಜವಾದ ಲೆಕ್ಕಕ್ಕೆ ಹಚ್ಚಿ ನೋಡಬೇಕು. ಇಲ್ಲಿ ತೆಗೆದುಕೊಂಡಿರುವುದು ಅತಿ ವಿರಳವಾದ ಎರಡು ವಿಕಿರಣಶೀಲ ಧಾತುಗಳ ಬಗ್ಗೆ ಪುಸ್ತಕಗಳಲ್ಲಿ ಮತ್ತೆ ಮತ್ತೆ ಕಾಣುವ ಎರಡು ಸಂಖ್ಯೆ: ಭೂಚಿಪ್ಪಿನಲ್ಲಿ ಯಾವುದೇ ಕ್ಷಣದಲ್ಲಿ ಇರುವ ಫ್ರಾನ್ಸಿಯಂ 20–30 ಗ್ರಾಂ, ಅಸ್ಟಟೀನ್ ಸುಮಾರು 28 ಗ್ರಾಂ.

ಇವನ್ನು ಯಾರೂ ತೂಗಿ ಹೇಳಿದ್ದಲ್ಲ, ತೂಗಲು ಬರುವುದೂ ಇಲ್ಲ. ಫ್ರಾನ್ಸಿಯಂ-223ರ ಅರ್ಧಾಯು 22 ನಿಮಿಷ. ಹುಟ್ಟುತ್ತಲೇ ಇರುತ್ತದೆ, ಸಾಯುತ್ತಲೇ ಇರುತ್ತದೆ. ಬಹುಕಾಲ ಕದಡದೆ ಉಳಿದ ಶಿಲೆಯಲ್ಲಿ ಯುರೇನಿಯಂ ಸರಣಿಯ (ಯುರೇನಿಯಂ ಕ್ಷಯಿಸುತ್ತಾ ಒಂದರಿಂದ ಒಂದು ಹುಟ್ಟುವ ಪರಮಾಣುಗಳ ಸಾಲು) ಎಲ್ಲ ಸದಸ್ಯರ ಹುಟ್ಟು ಮತ್ತು ಕ್ಷಯ ಸರಿದೂಗಿರುತ್ತವೆ, ಇದೇ ಸಮತೋಲ. ಆಗ ಮರಿ ಪರಮಾಣು ಮತ್ತು ಮೂಲ ಪರಮಾಣುಗಳ ಅನುಪಾತ ಎಂದರೆ ಅವುಗಳ ಅರ್ಧಾಯುಗಳ ಅನುಪಾತ, ಗುಣಿಸು ಆ ಕವಲಿಗೆ (ಕ್ಷಯದ ದಾರಿ ಒಡೆದಾಗ ಮರಿಯತ್ತ ಹೋಗುವ ದಾರಿ) ಹೋಗುವ ಪಾಲು. ಇಡೀ ವಿಧಾನ ಇಷ್ಟೇ. ಬೇಕಾದ ಅರ್ಧಾಯು ಮತ್ತು ಕವಲಿನ ಪಾಲು ಎರಡನ್ನೂ ಲೈವ್‌ಚಾರ್ಟ್ ಕೊಡುತ್ತದೆ.

ಮೊದಲು ಫ್ರಾನ್ಸಿಯಂ. ಯುರೇನಿಯಂ-235ರ ಅರ್ಧಾಯು 70.4 ಕೋಟಿ ವರ್ಷ, ಸೆಕೆಂಡಿನಲ್ಲಿ 2.22 × 10¹⁶. ಅದರ ಸರಣಿಯಲ್ಲಿ ಬರುವ ಆಕ್ಟಿನಿಯಂ-227 ಬಹುಪಾಲು ಬೀಟಾ ಕ್ಷಯದ ದಾರಿ ಹಿಡಿಯುತ್ತದೆ, ಶೇ 1.38ರಷ್ಟು ಮಾತ್ರ ಆಲ್ಫಾ ಕಣ ಬಿಟ್ಟು ಫ್ರಾನ್ಸಿಯಂ ಆಗುತ್ತದೆ. 1939ರಲ್ಲಿ ಪ್ಯಾರಿಸ್‌ನಲ್ಲಿ ಮಾರ್ಗರೀಟ್ ಪೆರೆ ಈ ಧಾತುವನ್ನು ಹಿಡಿದದ್ದು ಇದೇ ಸಣ್ಣ ಕವಲಿನಲ್ಲಿ. 1,320 ಸೆಕೆಂಡನ್ನು 2.22 × 10¹⁶ರಿಂದ ಭಾಗಿಸಿ 0.0138ರಿಂದ ಗುಣಿಸಿದರೆ 8.2 × 10⁻¹⁶. ನೈಸರ್ಗಿಕ ಯುರೇನಿಯಂನಲ್ಲಿ 235ರ ಪಾಲು ಶೇ 0.72. ಹೀಗಾಗಿ ಒಂದು ಗ್ರಾಂ ಯುರೇನಿಯಂ ಜೊತೆ ಇರುವ ಫ್ರಾನ್ಸಿಯಂ ಪರಮಾಣುಗಳು ಸುಮಾರು 15,000. ಯಾದಗಿರಿಯ ಗೋಗಿ ಅದಿರಾಗಲಿ, ಕೆನಡಾದ ಸಿಗಾರ್ ಲೇಕ್ ಅದಿರಾಗಲಿ, ಸರಣಿ ಸಮತೋಲದಲ್ಲಿದ್ದರೆ ಗ್ರಾಂ ಯುರೇನಿಯಂಗೆ ಸಿಗುವುದು ಇಷ್ಟೇ.

ಅಸ್ಟಟೀನ್ ಇನ್ನೂ ಜಿಪುಣ. ಯುರೇನಿಯಂ-238ರ ಸರಣಿಯ ಪೊಲೋನಿಯಂ-218ರಲ್ಲಿ ಶೇ 0.02ರಷ್ಟು ಮಾತ್ರ ಬೀಟಾ ಕ್ಷಯದಿಂದ ಅಸ್ಟಟೀನ್-218 ಆಗುತ್ತದೆ, ಅದರ ಅರ್ಧಾಯು ಸುಮಾರು 1.3 ಸೆಕೆಂಡು (ಹಳೆಯ ಕೋಷ್ಟಕಗಳಲ್ಲಿ 1.5). ಗ್ರಾಂ ಯುರೇನಿಯಂಗೆ ಬರುವುದು ನಾಲ್ಕೈದು ಪರಮಾಣು. ಸಾವಿರವಲ್ಲ, ಬರೀ ನಾಲ್ಕೈದು! ಫ್ರಾನ್ಸಿಯಂನಿಂದ ಹುಟ್ಟುವ ಅಸ್ಟಟೀನ್-219 ಸೇರಿಸಿದರೂ ಮೊತ್ತ ಅಲುಗುವುದಿಲ್ಲ. ಆ ಕವಲು ಶೇ 0.006 ಮಾತ್ರ.

ಇನ್ನು ಭೂಚಿಪ್ಪು. ಖಂಡಗಳ ಚಿಪ್ಪಿನ ದ್ರವ್ಯರಾಶಿ ಸುಮಾರು 2.2 × 10²² ಕಿಲೋ. ಅದರಲ್ಲಿ ಯುರೇನಿಯಂ ಸರಾಸರಿ ಹತ್ತು ಲಕ್ಷಕ್ಕೆ 1.3 ಭಾಗ ಎಂದು ಹಿಡಿದರೆ ಫ್ರಾನ್ಸಿಯಂ ಸುಮಾರು 160 ಗ್ರಾಂ, ಅಸ್ಟಟೀನ್ 50 ಮಿಲಿಗ್ರಾಂಗಿಂತ ತುಸು ಕಡಿಮೆ. ಪುಸ್ತಕದ 20–30 ಗ್ರಾಂ ಫ್ರಾನ್ಸಿಯಂ ಬರಬೇಕಾದರೆ ಯುರೇನಿಯಂ ಹೆಚ್ಚಿರುವ ಚಿಪ್ಪಿನ ಮೇಲಿನ ಸುಮಾರು ಮೂರು ಕಿಲೋಮೀಟರನ್ನು ಮಾತ್ರ ಎಣಿಸಬೇಕು. ಆಳ ಹೇಳದೆ ಗ್ರಾಂ ಹೇಳುವವರ ಮಾತು ಅರ್ಧಂಬರ್ಧ. ಅಸ್ಟಟೀನಿನ 28 ಗ್ರಾಂ ಅಂತೂ ಯಾವ ಆಳಕ್ಕೂ ಹೊಂದುವುದಿಲ್ಲ, ಈ ಲೆಕ್ಕಕ್ಕಿಂತ ಸುಮಾರು 600 ಪಟ್ಟು ಹೆಚ್ಚು. ಒಂದು ಗ್ರಾಂಗಿಂತ ಕಡಿಮೆ ಎನ್ನುವ ಇನ್ನೊಂದು ಅಂದಾಜೇ ನಂಬಲರ್ಹ.

ಸೇವೆಯ ಬಳಕೆಗೆ ಬರೋಣ. ಒಂದೆರಡು ಐಸೊಟೋಪಿಗೆ ನಕ್ಷೆಯೇ ಸಾಕು. ಮೊಬೈಲ್‌ನಲ್ಲಿ ನೋಡುವವರಿಗೆ ಇದೇ ವಿಭಾಗದ ಐಸೊಟೋಪ್ ಬ್ರೌಸರ್ ಆ್ಯಪ್ ಇದೆ. ಇಡೀ ಸರಣಿ ಬೇಕಿದ್ದರೆ ಚೌಕ ಚೌಕ ಒತ್ತುತ್ತಾ ಕೂರುವ ಬದಲು ಲೈವ್‌ಚಾರ್ಟ್‌ನ ಎಪಿಐ (ನಕ್ಷೆ ತೆರೆಯದೆ ನೇರವಾಗಿ ದತ್ತಾಂಶ ಕೇಳುವ ದಾರಿ) ಬಳಸಿ: ಒಂದೇ ವಿಳಾಸ ಟೈಪ್ ಮಾಡಿದರೆ ಸಿಎಸ್‌ವಿ ಕಡತ (ಅಲ್ಪವಿರಾಮದಿಂದ ಬೇರ್ಪಡಿಸಿದ ಕೋಷ್ಟಕ) ಇಳಿಯುತ್ತದೆ. ಐಸೊಟೋಪಿನ ಹೆಸರಿನಲ್ಲಿ ದ್ರವ್ಯಸಂಖ್ಯೆ (ಯುರೇನಿಯಂ-235ರಲ್ಲಿ 235) ಮೊದಲು, ಚಿಹ್ನೆ ಆಮೇಲೆ. ವಿನಂತಿ ಸರಿಯಿದ್ದೂ ದತ್ತಾಂಶ ಇಲ್ಲದಿದ್ದರೆ ಬರುವುದು ಬರೀ ಒಂದು ಸೊನ್ನೆ. ಅದನ್ನು ಮೌಲ್ಯವೆಂದು ಓದಿಕೊಂಡರೆ ಮುಂದಿನದೆಲ್ಲ ತಪ್ಪು. ಪೈಥಾನ್ ಪ್ರೋಗ್ರಾಂನಿಂದ ನೇರವಾಗಿ ಎಳೆದರೆ 403 (ಪ್ರವೇಶವಿಲ್ಲ) ಎಂದು ಬಾಗಿಲು ಹಾಕಬಹುದು. ವಿನಂತಿಯ ಜೊತೆ, ಕೇಳುತ್ತಿರುವ ಪ್ರೋಗ್ರಾಂ ಯಾವುದೆಂದು ಹೇಳುವ ‘ಯೂಸರ್-ಏಜೆಂಟ್’ ಹೆಡರ್ ಕಳಿಸಬೇಕು. ಸೇವೆಯ ಕೈಪಿಡಿಯಲ್ಲಿ ಮಾದರಿ ಕೋಡ್ ಇದೆ.

ಅರ್ಧಾಯುವಿಗೆ ಕಡತದಲ್ಲಿ ಎರಡು ಕಾಲಂ. ಒಂದರಲ್ಲಿ ನಿಮಿಷ, ವರ್ಷ, ಮಿಲಿಸೆಕೆಂಡು ಎಲ್ಲ ಕಲಸಿಕೊಂಡಿರುತ್ತವೆ, ಏಕಮಾನ ಪಕ್ಕದ ಕಾಲಂನಲ್ಲಿ. ಇನ್ನೊಂದು ‘ಹಾಫ್_ಲೈಫ್_ಸೆಕ್’, ಎಲ್ಲವೂ ಸೆಕೆಂಡಿನಲ್ಲಿ. ಲೆಕ್ಕಕ್ಕೆ ಎರಡನೆಯದನ್ನೇ ಹಿಡಿಯಿರಿ.

ಹೊಸಬರು ಎಡವುವ ಜಾಗ ‘ಅಬಂಡನ್ಸ್’ ಕಾಲಂ. ಹೆಸರು ಕಂಡು ಭೂಮಿಯಲ್ಲಿನ ಪ್ರಮಾಣ ಎಂದುಕೊಳ್ಳುತ್ತಾರೆ. ಅದು ಒಂದೇ ಧಾತುವಿನ ಐಸೊಟೋಪುಗಳ ನಡುವಿನ ಪಾಲು ಮಾತ್ರ. ಯುರೇನಿಯಂ-235ರ ಎದುರು ಶೇ 0.72 ಇರುವುದು ಅದಕ್ಕೇ. ಫ್ರಾನ್ಸಿಯಂ ಎದುರು ಅಲ್ಲಿ ಏನೂ ಇರುವುದಿಲ್ಲ. ಭೂಚಿಪ್ಪಿನ ಯುರೇನಿಯಂ ಸರಾಸರಿ ಲೈವ್‌ಚಾರ್ಟ್‌ನಲ್ಲಿ ಎಲ್ಲೂ ಸಿಗದು, ಅದನ್ನು ಭೂರಸಾಯನ ವಿಜ್ಞಾನದಿಂದ ತರಬೇಕು. ಹಿಮನದಿಗಳು ಅರೆದುಹಾಕಿದ ಧೂಳು, ಜೇಡಿಶಿಲೆ, ಆಳದಿಂದ ಮೇಲೆ ಬಂದ ಕಲ್ಲಿನ ತುಂಡು ಇವುಗಳ ವಿಶ್ಲೇಷಣೆಯಿಂದ ಆ ಸರಾಸರಿ ಕಟ್ಟುತ್ತಾರೆ. ಮೇಲ್ಪದರಕ್ಕೆ ಹತ್ತು ಲಕ್ಷಕ್ಕೆ 2.7 ಭಾಗ ಬರುತ್ತದೆ, ಇಡೀ ಖಂಡಚಿಪ್ಪಿಗೆ 1.3. ಜಪಾನಿನ ಕಾಮ್‌ಲ್ಯಾಂಡ್, ಇಟಲಿಯ ಬೋರೆಕ್ಸಿನೋ ಪತ್ತೆಕಾರಕಗಳು ಯುರೇನಿಯಂ, ಥೋರಿಯಂ ಕ್ಷಯದಿಂದ ಬರುವ ನ್ಯೂಟ್ರಿನೋಗಳನ್ನು ಎಣಿಸಿ ಭೂಮಿಯ ಒಟ್ಟು ಮೊತ್ತದ ಮೇಲೆ ಬೇರೊಂದು ಕಡೆಯಿಂದ ಬೆಳಕು ಚೆಲ್ಲಿವೆ. ಫ್ರಾನ್ಸಿಯಂ ಲೆಕ್ಕದಲ್ಲಿ ಅರ್ಧಾಯು ಮತ್ತು ಕವಲಿನ ಅನಿಶ್ಚಿತತೆ ಶೇ 1ಕ್ಕಿಂತ ಕಡಿಮೆ. ಯುರೇನಿಯಂ ಸರಾಸರಿಯದು ಶೇ 20–30. ನಕ್ಷೆಯಲ್ಲಿ ನಾಲ್ಕು ದಶಮಾಂಶ ಕಂಡಿತೆಂದು ಉತ್ತರವನ್ನೂ ನಾಲ್ಕು ದಶಮಾಂಶಕ್ಕೆ ಬರೆಯುವುದು ಬೇಡ.

ಸಮತೋಲ ಎಲ್ಲೆಡೆ ಇರುವುದಿಲ್ಲ ಎಂಬ ಎಚ್ಚರಿಕೆಯನ್ನೂ ನಕ್ಷೆ ಕೊಡುವುದಿಲ್ಲ. ಯುರೇನಿಯಂ-235ರ ಸರಣಿಯಲ್ಲಿ ಪ್ರೊಟಾಕ್ಟಿನಿಯಂ-231ರ ಅರ್ಧಾಯು ಸುಮಾರು 32,800 ವರ್ಷ. ಸಮತೋಲಕ್ಕೆ ಅದರ ಐದಾರು ಪಟ್ಟು ಕಾಲ ಬೇಕು. ಬಿರುಕಿನಲ್ಲಿ ನೀರು ಹರಿದರೆ ಯುರೇನಿಯಂ, ರೇಡಿಯಂ ಕೊಚ್ಚಿಹೋಗುತ್ತವೆ. ರೇಡಾನ್ ಅನಿಲವಾಗಿ ಸೋರಿದರೆ ಪೊಲೋನಿಯಂ-218 ಆ ಕಲ್ಲಿನಲ್ಲಿ ಹುಟ್ಟುವುದಿಲ್ಲ, ಅಸ್ಟಟೀನೂ ಇಲ್ಲ. ಸಮುದ್ರದಲ್ಲಿ ಯುರೇನಿಯಂ ಕರಗಿಯೇ ಉಳಿದು ಥೋರಿಯಂ ತಳಕ್ಕಿಳಿಯುವುದರಿಂದ ಈ ಸೂತ್ರವನ್ನು ಅಲ್ಲಿ ಹಾಕಲೇಬಾರದು. ಇನ್ನೊಂದು ವಿರಳ ಧಾತು ಪ್ರೊಮೀಥಿಯಂಗೂ ಇದು ನೇರವಾಗಿ ಒಗ್ಗದು. ಅದು ಹುಟ್ಟುವುದು ಮುಖ್ಯವಾಗಿ ಯುರೇನಿಯಂ-238 ತಾನಾಗಿ ಒಡೆದಾಗ, ಹಾಗಾಗಿ ಕವಲಿನ ಜೊತೆಗೆ ವಿದಳನದ ಇಳುವರಿಯೂ ಬೇಕು.

ಸಂಖ್ಯೆಯನ್ನು ಎರಡನೇ ಕಡೆ ತಾಳೆ ನೋಡಲು ಹಲವರು ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದ ಇಂಥದೇ ಸೇವೆ ನುಡಾಟ್‌ಗೆ ಹೋಗುತ್ತಾರೆ. ಅದು ತಾಳೆಯೇ ಅಲ್ಲ, ಎರಡೂ ಇಎನ್‌ಎಸ್‌ಡಿಎಫ್ ಎಂಬ, ತಜ್ಞರು ಅಳತೆಗಳನ್ನು ಮೌಲ್ಯಮಾಪನ ಮಾಡಿ ಕಟ್ಟಿದ ಒಂದೇ ಕಡತದಿಂದ ಬರುತ್ತವೆ. ಎರಡರಲ್ಲಿ ವ್ಯತ್ಯಾಸ ಕಂಡರೆ ಒಂದು ಇನ್ನೂ ನವೀಕರಣಗೊಂಡಿಲ್ಲ ಎಂದರ್ಥ ಇರಬಹುದು. ಲೈವ್‌ಚಾರ್ಟ್ ಕಡತದ ಕೊನೆಯ ಕಾಲಂಗಳಲ್ಲಿ ಮೌಲ್ಯಮಾಪಕರ ಹೆಸರು, ಯಾವ ದಿನಾಂಕದವರೆಗಿನ ಪ್ರಕಟಣೆಗಳನ್ನು ಪರಿಗಣಿಸಿದ್ದಾರೆ ಎಂಬುದು ಇರುತ್ತದೆ; ಅಸ್ಟಟೀನ್-218ರಂಥ ಕಡೆ ಅದನ್ನು ಓದದೆ ಮುಂದೆ ಹೋಗಬೇಡಿ. ಬೇರೆಯದೇ ಮೌಲ್ಯಮಾಪನ ಬೇಕೆಂದರೆ ಫ್ರಾನ್ಸಿನ ಹೆನ್ರಿ ಬೆಕೆರೆಲ್ ರಾಷ್ಟ್ರೀಯ ಪ್ರಯೋಗಾಲಯ ಇಟ್ಟಿರುವ ಕೋಷ್ಟಕಗಳಿವೆ. ಐಸೊಟೋಪುಗಳ ಸಂಖ್ಯೆ ಅಲ್ಲಿ ಬಹಳ ಕಡಿಮೆ, ಆದರೆ ಯಾವ ಅಳತೆಯನ್ನು ಒಪ್ಪಿದರು, ಯಾವುದನ್ನು ಏಕೆ ಬಿಟ್ಟರು ಎಂಬ ಟಿಪ್ಪಣಿ ಜೊತೆಗಿರುತ್ತದೆ.