ಅನಿಮೆಗಳಿಗೆ ಕೊಡೋ ಬಿಲ್ಡಪ್ ನಿಜಾನಾ? ಏಳು ಸರಣಿ ನೋಡಿ ಹೋಲಿಸಿದ್ದು

ಅನಿಮೆ, ಅಂದರೆ ಜಪಾನಿನ ಅನಿಮೇಷನ್ ಸರಣಿ, ನೋಡುವವರ ಹತ್ತಿರ ಯಾವುದಾದರೂ ಸರಣಿಯ ಹೆಸರು ಹೇಳಿ ನೋಡಿ. ಮೊದಲು ಬರುವ ಮಾತೇ "ಆ ಎಪಿಸೋಡ್ ನೋಡಿದ್ಯಾ?" ಅಂತ. ಡೀಮನ್ ಸ್ಲೇಯರ್ ಅಂದರೆ 19ನೇ ಎಪಿಸೋಡ್. ಡೆತ್ ನೋಟ್ ಅಂದರೆ 25. ಸೋಲೋ ಲೆವೆಲಿಂಗ್ ಅಂದರೆ ಜೆಜು ದ್ವೀಪದ ಇರುವೆ ರಾಜನ ಫೈಟು. ಎಲ್ಲ ಬಿಲ್ಡಪ್ಪೂ ಒಂದೋ ಎರಡೋ ಎಪಿಸೋಡ್ ಮೇಲೆ, ಅದರಲ್ಲೂ ರೀಲ್ಸ್‌ಗೆ ಅಂತ ಕತ್ತರಿಸಿದ ಅರ್ಧ ನಿಮಿಷದ ತುಣುಕಿನ ಮೇಲೆ ನಿಂತಿರುತ್ತದೆ. ನಾವು ಕೂತು ನೋಡಬೇಕಾಗಿರುವುದು ಮಾತ್ರ ಉಳಿದ ಮೂವತ್ತು, ಅರವತ್ತು, ಕೆಲವು ಸಲ ಸಾವಿರ ಎಪಿಸೋಡ್.

ಹಾಗಾಗಿ ನನ್ನ ಅಳತೆ ಇಷ್ಟೇ. ಯಾರೂ ಕ್ಲಿಪ್ ಹಾಕದ, ನಡುವೆ ಎಲ್ಲೋ ಇರುವ ಸಾದಾ ಎಪಿಸೋಡ್ ಹೇಗಿದೆ? ಅದು ಚೆನ್ನಾಗಿದ್ದರೆ ಸರಣಿ ಚೆನ್ನಾಗಿದೆ. ಹೆಸರಾದ ದೃಶ್ಯ ಎಲ್ಲರದ್ದೂ ಚೆನ್ನಾಗೇ ಇರುತ್ತದೆ, ಅದಕ್ಕೆ ತಾನೇ ಹೆಸರಾಗಿದ್ದು. ಎಲ್ಲವನ್ನೂ ನಾನು ಜಪಾನಿ ಆಡಿಯೊ, ಇಂಗ್ಲಿಷ್ ಸಬ್‌ಟೈಟಲ್‌ನಲ್ಲೇ ನೋಡಿದ್ದು. ಸ್ಪಾಯ್ಲರ್ ಆದಷ್ಟು ಬಿಟ್ಟಿದ್ದೇನೆ, ಆದರೂ ಅಲ್ಲೊಂದು ಇಲ್ಲೊಂದು ಬರುತ್ತದೆ.

ಡೆತ್ ನೋಟ್‌ನಿಂದ ಶುರು ಮಾಡೋಣ. ನಮ್ಮಲ್ಲಿ ತುಂಬಾ ಜನ ಅನಿಮೆಗೆ ಕಾಲಿಡುವುದೇ ಅಲ್ಲಿಂದ. ಮ್ಯಾಡ್‌ಹೌಸ್ ಸ್ಟುಡಿಯೊ 2006ರಲ್ಲಿ ಶುರು ಮಾಡಿದ್ದು, ಒಟ್ಟು 37 ಎಪಿಸೋಡ್. ಹೆಸರು ಬರೆದರೆ ಆ ಮನುಷ್ಯ ಸಾಯುವ ನೋಟ್‌ಬುಕ್ಕೊಂದು ಲೈಟ್ ಎಂಬ ಬುದ್ಧಿವಂತ ಹುಡುಗನ ಕೈಗೆ ಸಿಗುತ್ತದೆ. ಅವನನ್ನು ಹಿಡಿಯಲು ಎಲ್ ಎಂಬ ಪತ್ತೇದಾರ ಬರುತ್ತಾನೆ. ಅಷ್ಟೇ ಕಥೆ. ಚಿಪ್ಸ್ ದೃಶ್ಯದ ಮೀಮ್ ನೋಡದವರು ಕಡಿಮೆ: ಕೋಣೆ ತುಂಬ ಕ್ಯಾಮೆರಾ ಇಟ್ಟಿದ್ದಾರೆ, ಹುಡುಗ ಚಿಪ್ಸ್ ಪ್ಯಾಕೆಟ್ ಒಳಗೆ ಪುಟ್ಟ ಟಿವಿ ಬಚ್ಚಿಟ್ಟುಕೊಂಡು, ಬಲಗೈಯಲ್ಲಿ ಲೆಕ್ಕ ಮಾಡುತ್ತಾ ಎಡಗೈಯಲ್ಲಿ ಹೆಸರು ಬರೆಯುತ್ತಾ, ಲೋಕವನ್ನೇ ಗೆದ್ದವನ ಹಾಗೆ ಒಂದು ಚಿಪ್ಸ್ ಬಾಯಿಗೆ ಹಾಕಿಕೊಳ್ಳುತ್ತಾನೆ. ನಗು ಬರುತ್ತದೆ, ಸರಿ.

ಆದರೆ ನನ್ನನ್ನು ಹಿಡಿದು ಕೂರಿಸಿದ್ದು ಅದಕ್ಕೆ ಮುಂಚಿನ 7ನೇ ಎಪಿಸೋಡ್. ಹಿಮ ಬೀಳುವ ರಸ್ತೆಯಲ್ಲಿ ಲೈಟ್ ಮತ್ತು ಒಬ್ಬ ಹೆಂಗಸು ನಡೆಯುತ್ತಾ ಮಾತಾಡುತ್ತಾರೆ. ಬೇರೇನೂ ಆಗುವುದಿಲ್ಲ. ಆ ಹೆಂಗಸು ಪೊಲೀಸರಿಗೆ ಏನೋ ಹೇಳಬೇಕು ಅಂತ ಬಂದಿದ್ದಾಳೆ, ಕೊಟ್ಟಿರುವುದು ಸುಳ್ಳು ಹೆಸರು. ಲೈಟ್‌ಗೆ ಅವಳ ನಿಜವಾದ ಹೆಸರು ಬೇಕು. ಟೈಮ್ ಓಡುತ್ತಿದೆ. ಅವನು ನಗುನಗುತ್ತಾ, ಮರ್ಯಾದೆಯಿಂದ, ಒಂದೊಂದೇ ಮಾತು ಬಿಡುತ್ತಾ ಹೋಗುತ್ತಾನೆ. ಕತ್ತಿ ಇಲ್ಲ, ಗನ್ ಇಲ್ಲ, ಬರೀ ಮಾತು. ಮೊದಲ ಅರ್ಧದ ಸಾದಾ ಎಪಿಸೋಡ್‌ಗಳು ಹೆಚ್ಚುಕಮ್ಮಿ ಹೀಗೇ ಇವೆ. ನಡುವೆ ಒಂದು ಕಂಪನಿಯ ಕಥೆ ಬರುತ್ತದಲ್ಲ, ಅಲ್ಲಿಂದ ಬಿಗಿ ಸಡಿಲವಾಗುತ್ತದೆ. 25 ಆದ ಮೇಲಂತೂ ಹೊಸದಾಗಿ ಬರುವ ಇಬ್ಬರು ಹುಡುಗರಲ್ಲಿ ಎಲ್‌ನ ಆ ಗತ್ತು ಕಾಣುವುದಿಲ್ಲ. ಕಥೆ ನಡೆಯುತ್ತದೆ, ಆದರೆ ನೋಡುವವರಿಗೆ ಲೈಟ್ ಎದುರು ನಿಲ್ಲುವವರು ಯಾರೂ ಇಲ್ಲ ಅನ್ನಿಸಿಬಿಟ್ಟಿರುತ್ತದೆ. ಬಿಲ್ಡಪ್ ಮೂರರಲ್ಲಿ ಎರಡು ಭಾಗಕ್ಕೆ ನಿಜ. ಉಳಿದದ್ದನ್ನು ಕೊನೆಯ ಎಪಿಸೋಡ್‌ಗೋಸ್ಕರ ಸಹಿಸಿಕೊಳ್ಳಬೇಕು.

ಅಟ್ಯಾಕ್ ಆನ್ ಟೈಟನ್‌ನ ಮೊದಲ ಸೀಸನ್‌ಗೂ ಡೆತ್ ನೋಟ್‌ಗೂ ನಿರ್ದೇಶಕ ಒಬ್ಬರೇ, ತೆತ್ಸುರೋ ಅರಾಕಿ. ಮನುಷ್ಯರನ್ನು ತಿನ್ನುವ ಟೈಟನ್ ಎಂಬ ದೈತ್ಯರಿಗೆ ಹೆದರಿ ಜನ ದೊಡ್ಡ ಗೋಡೆಗಳೊಳಗೆ ಬದುಕುವ ಕಥೆ, ನಾಯಕ ಏರೆನ್. ಅದು ಗೊತ್ತಾದ ಮೇಲೆ ನೋಡಿದರೆ ಆ ಅಬ್ಬರ, ಕಣ್ಣರಳಿಸಿ ಕಿರುಚುವ ಮುಖಗಳು, ಎಲ್ಲ ಒಂದೇ ಕೈಯವು ಅಂತ ತಿಳಿಯುತ್ತದೆ. ನಿಜ ಹೇಳಬೇಕೆಂದರೆ 2013ರ ಆ ಮೊದಲ ಸೀಸನ್ ನನಗೆ ಅಷ್ಟೇನೂ ಹಿಡಿಸಲಿಲ್ಲ. ಏರೆನ್ ಕಿರುಚುತ್ತಾನೆ, ಟೈಟನ್‌ಗಳು ತಿನ್ನುತ್ತವೆ, ಯಾರೋ ಸಾಯುತ್ತಾರೆ, ಮತ್ತೆ ಏರೆನ್ ಕಿರುಚುತ್ತಾನೆ. ಇದಕ್ಕಾ ಇಷ್ಟೊಂದು ಕುಣಿತ ಅನ್ನಿಸಿತು.

ಆಮೇಲೆ ಎರಡನೇ ಸೀಸನ್ ಬಂತು. ಅದರಲ್ಲಿ ಒಂದು ರಾತ್ರಿ, ಪಾಳುಬಿದ್ದ ಕೋಟೆಯಲ್ಲಿ ಸೈನಿಕರು ತಂಗಿದ್ದಾರೆ. ಒಬ್ಬಳು ತಿನ್ನಲು ಏನಾದರೂ ಇದೆಯಾ ಅಂತ ಸಾಮಾನು ತಡಕಾಡುತ್ತಾ ಒಂದು ಡಬ್ಬಿ ತೆಗೆಯುತ್ತಾಳೆ. ಹೆರಿಂಗ್ ಮೀನು, ಅನ್ನುತ್ತಾಳೆ. ಜೊತೆಗಿದ್ದವನು ಡಬ್ಬಿ ಇಸಿದುಕೊಂಡು ನೋಡುತ್ತಾನೆ. ಅದರ ಮೇಲಿರುವುದು ಗೋಡೆಯೊಳಗಿನ ಜನ ಓದುವ ಲಿಪಿಯೇ ಅಲ್ಲ. ನಿನಗೆ ಇದು ಓದಲು ಬರುತ್ತಾ ಅಂತ ಕೇಳುತ್ತಾನೆ. ಅಷ್ಟರಲ್ಲಿ ಹೊರಗೆ ಗಲಾಟೆ ಶುರುವಾಗುತ್ತದೆ, ಮಾತು ಅಲ್ಲೇ ನಿಲ್ಲುತ್ತದೆ. ಸಮುದ್ರವನ್ನೇ ಕಾಣದ ಜನರ ನಡುವೆ ಸಮುದ್ರದ ಮೀನಿನ ಡಬ್ಬಿ! ಅವಳು ಯಾರು, ಕೇಳಿದವನು ಯಾಕೆ ಬೆಚ್ಚಿದ, ಡಬ್ಬಿ ಎಲ್ಲಿಂದ ಬಂತು, ಇದೆಲ್ಲ ತಿಳಿಯುವುದು ಎಷ್ಟೋ ಎಪಿಸೋಡ್ ಆದ ಮೇಲೆ. ಕಥೆ ಮುಗಿಸಿ ಮತ್ತೆ ಮೊದಲಿನಿಂದ ನೋಡಿದರೆ ಇಂಥವು ಎಲ್ಲ ಕಡೆ ಸಿಗುತ್ತವೆ. ನನಗೆ ಬೇಜಾರು ತರಿಸಿದ ಮೊದಲ ಸೀಸನ್‌ನಲ್ಲೂ ಸಿಗುತ್ತವೆ.

ಮೂರನೇ ಸೀಸನ್‌ನ ಮೊದಲ ಅರ್ಧ, ರಾಜಕೀಯದ ಭಾಗ, ತುಸು ಎಳೆತ. ಆಮೇಲೆ ವಿಟ್ ಸ್ಟುಡಿಯೊ ಕೈಯಿಂದ ಮಾಪ್ಪಾ ಕೈಗೆ ಹೋಯಿತು. "ಫೈನಲ್ ಸೀಸನ್" ಅಂತ 2020ರ ಡಿಸೆಂಬರ್‌ನಲ್ಲಿ ಶುರುವಾದದ್ದು ತುಂಡು ತುಂಡಾಗಿ ಬಂದು ಮುಗಿದದ್ದು 2023ರ ನವೆಂಬರ್‌ನಲ್ಲಿ. ಆಗ ಕಾದವರಿಗೆ ಎಷ್ಟು ಸಿಟ್ಟು ಬಂದಿರಬೇಕು ಅಂತ ಈಗ ಒಟ್ಟಿಗೆ ನೋಡುವವರಿಗೆ ಗೊತ್ತಾಗುವುದಿಲ್ಲ. ಕೊನೆಯ ಬಗ್ಗೆ ಜಗಳ ಇನ್ನೂ ನಡೀತಾನೇ ಇದೆ. ನನಗೆ ಕೊನೆ ಒಪ್ಪಿಗೆಯಾಯಿತು, ಆದರೆ ಅಲ್ಲಿಗೆ ತಲುಪಿದ ಅವಸರ ಒಪ್ಪಿಗೆಯಾಗಲಿಲ್ಲ. ಇಷ್ಟೆಲ್ಲ ಕುಂದು ಎಣಿಸಿಯೂ ಹೇಳುತ್ತೇನೆ, ಈ ಸರಣಿಗೆ ಕೊಡುವ ಬಿಲ್ಡಪ್ ಕಡಿಮೆಯೇ. ಹೊಗಳುವವರು ಫೈಟು ತೋರಿಸಿ ಹೊಗಳುತ್ತಾರೆ, ಇರುವ ಸರಕು ಬೇರೆ ಕಡೆ ಇದೆ.

ಡೀಮನ್ ಸ್ಲೇಯರ್ ಇದಕ್ಕೆ ಪೂರ್ತಿ ಉಲ್ಟಾ. 2019ರಲ್ಲಿ ಬಂದ ಮೊದಲ ಸೀಸನ್, ಯೂಫೋಟೇಬಲ್ ಸ್ಟುಡಿಯೊ, 26 ಎಪಿಸೋಡ್. ಇದ್ದಿಲು ಮಾರುವ ತಾಂಜಿರೋ ಮನೆಗೆ ವಾಪಸ್ ಬರುವಷ್ಟರಲ್ಲಿ ಮನೆಮಂದಿಯನ್ನು ರಾಕ್ಷಸ ಕೊಂದಿದ್ದಾನೆ, ಉಳಿದ ತಂಗಿ ರಾಕ್ಷಸಿಯಾಗಿದ್ದಾಳೆ. 19ನೇ ಎಪಿಸೋಡ್ ಬಗ್ಗೆ ಜನ ಹೇಳುವುದೆಲ್ಲ ನಿಜ. ಕತ್ತಿ ಬೀಸಿದಾಗ ಹಳೇ ಜಪಾನಿ ಮರದಚ್ಚು ಚಿತ್ರಗಳ ಅಲೆಯಂತೆ ನೀರು ಎದ್ದು ಬರುತ್ತದೆ, ಹಾಡು ಶುರುವಾಗುತ್ತದೆ, ಮೈ ಜುಮ್ಮೆನ್ನುತ್ತದೆ. ನಾನೂ ಹಿಂದಕ್ಕೆ ಹಾಕಿ ಹಾಕಿ ನೋಡಿದ್ದೇನೆ.

ಆದರೆ 12ನೇ ಎಪಿಸೋಡ್ ಹಾಕಿ ನೋಡಿ. ತಾಂಜಿರೋನ ಜೊತೆಗಾರ ಝೆನಿತ್ಸು ಕಿರುಚುತ್ತಾನೆ. ಅಳುತ್ತಾನೆ. ಮತ್ತೆ ಕಿರುಚುತ್ತಾನೆ. ಫೈಟಿನ ನಡುವೆ ತಾಂಜಿರೋ ತನಗೆ ಏನಾಗುತ್ತಿದೆ, ಎಲ್ಲಿ ನೋಯುತ್ತಿದೆ, ಮುಂದೆ ಏನು ಮಾಡಬೇಕು ಅನ್ನುವುದನ್ನೆಲ್ಲ ಮನಸ್ಸಲ್ಲೇ ಹೇಳಿಕೊಳ್ಳುತ್ತಾನೆ. ಕಣ್ಣಿಗೆ ಕಾಣುತ್ತಿದೆಯಲ್ಲಪ್ಪಾ, ಸುಮ್ನೆ ಹೊಡಿ ಅನ್ನಬೇಕು ಅನ್ನಿಸುತ್ತದೆ. ಒಂದು ಮಾತು ಮಾತ್ರ ಇದರ ಪರವಾಗಿ ಹೇಳಲೇಬೇಕು. ರಾಕ್ಷಸರನ್ನು ಬೇಟೆಯಾಡುವವರಾಗಲು ಕೊಡಬೇಕಾದ ಪರೀಕ್ಷೆಯ ಬೆಟ್ಟದಲ್ಲಿ, ಮೈ ತುಂಬ ಕೈಗಳಿರುವ ಒಂದು ರಾಕ್ಷಸನನ್ನು ತಾಂಜಿರೋ ಕೊಲ್ಲುತ್ತಾನೆ. ತಾಂಜಿರೋನ ಗುರುವಿನ ಎಷ್ಟೋ ಶಿಷ್ಯರನ್ನು ತಿಂದ ರಾಕ್ಷಸ ಅದು. ಅದು ಬೂದಿಯಾಗುತ್ತಿರುವಾಗ ಇವನು ಅದರ ಒಂದು ಕೈ ಹಿಡಿದುಕೊಳ್ಳುತ್ತಾನೆ. ಕ್ಲಿಪ್ ಹಾಕುವವರು ಇದನ್ನು ಹಾಕುವುದು ಕಮ್ಮಿ. ಸರಣಿಯಲ್ಲಿ ನಿಜವಾಗಿ ಬೇರೆ ಥರ ಇರುವುದು ಇದೇ ಗುಣ.

ಹಾಗಾದರೆ ಡೀಮನ್ ಸ್ಲೇಯರ್ ಹೇಗೆ ನೋಡಬೇಕು? ಥಿಯೇಟರ್‌ನಲ್ಲಿ. 2020ರ ಮುಗೆನ್ ಟ್ರೇನ್ ಸಿನಿಮಾ ಜಪಾನಿನಲ್ಲಿ ಗಳಿಕೆಯ ಹಳೇ ದಾಖಲೆಗಳನ್ನೆಲ್ಲ ಮುರಿದದ್ದು ಸುಮ್ಮನೆ ಅಲ್ಲ. ಈ ಕಥೆಗೆ ದೊಡ್ಡ ಪರದೆ, ದೊಡ್ಡ ಸದ್ದು ಬೇಕು. 2025ರ ಸೆಪ್ಟೆಂಬರ್‌ನಲ್ಲಿ ಇನ್ಫಿನಿಟಿ ಕ್ಯಾಸಲ್ ಸಿನಿಮಾ ನಮ್ಮಲ್ಲಿ ಬಂದಾಗ ಆ ಕೋಟೆ ತಲೆಕೆಳಗಾಗಿ ತಿರುಗುವುದನ್ನು ನೋಡಿ, ಇದನ್ನು ಲ್ಯಾಪ್‌ಟಾಪ್‌ನಲ್ಲಿ ನೋಡಿದ್ದರೆ ದುಡ್ಡು ಉಳಿಯುತ್ತಿತ್ತೇ ಹೊರತು ಬೇರೇನೂ ಸಿಗುತ್ತಿರಲಿಲ್ಲ ಅಂದುಕೊಂಡೆ. ಹಿಂದಿ, ತಮಿಳು, ತೆಲುಗಿನಲ್ಲಿ ಡಬ್ ಮಾಡಿ ಬಿಟ್ಟಿದ್ದರು. ಕನ್ನಡದಲ್ಲಿ ಇಲ್ಲ, ಮಾಮೂಲಿನಂತೆ. ಬೆಂಗಳೂರಲ್ಲಿ ಕೂತು ನಾವು ಸಬ್‌ಟೈಟಲ್ ಓದುತ್ತಾ ಚಪ್ಪಾಳೆ ಹೊಡೆದೆವು.

ಈಗ ಬರುವ ಎರಡನ್ನು ಅಕ್ಕಪಕ್ಕ ಇಡಲೇಬೇಕು. 2024ರ ಜನವರಿಯಿಂದ ಮಾರ್ಚ್‌ವರೆಗೆ ಸೋಲೋ ಲೆವೆಲಿಂಗ್‌ನ ಮೊದಲ ಸೀಸನ್ನೂ ಫ್ರೀರೆನ್‌ನ ಎರಡನೇ ಅರ್ಧವೂ ವಾರ ವಾರ ಒಟ್ಟಿಗೇ ಬರುತ್ತಿದ್ದವು. ಒಂದರಲ್ಲಿ ಎಲ್ಲರಿಗಿಂತ ದುರ್ಬಲ ಬೇಟೆಗಾರ ದಿನದಿನಕ್ಕೆ ಬಲಶಾಲಿಯಾಗುತ್ತಾ ಹೋಗುತ್ತಾನೆ. ಇನ್ನೊಂದರಲ್ಲಿ ನಾಯಕಿ ಮೊದಲ ದಿನವೇ ಮಹಾ ಬಲಶಾಲಿ, ಸಾವಿರ ವರ್ಷ ಬದುಕಿದ್ದಾಳೆ, ರಾಕ್ಷಸರ ರಾಜನನ್ನು ಸೋಲಿಸಿಯೂ ಆಗಿದೆ.

ಸೋಲೋ ಲೆವೆಲಿಂಗ್ ಕೊರಿಯಾದ ಕಥೆ, ಅನಿಮೆ ಮಾಡಿದ್ದು ಜಪಾನಿನ ಎ-1 ಪಿಕ್ಚರ್ಸ್. ಮೊದಲ ಎರಡು ಎಪಿಸೋಡ್ ಭಯಂಕರ ಚೆನ್ನಾಗಿವೆ. ಒಂದು ಗುಡಿಯಂಥ ಜಾಗದಲ್ಲಿ ಸಿಕ್ಕಿಹಾಕಿಕೊಂಡ ಜನ, ಸುತ್ತ ಕಲ್ಲಿನ ಮೂರ್ತಿಗಳು, ತಲೆ ಬಗ್ಗಿಸದಿದ್ದರೆ ಸಾವು. ಅಲ್ಲಿ ನಾಯಕ ಜಿನ್‌ವೂ ನಿಜವಾಗಿ ಹೆದರಿದ್ದಾನೆ, ನಮಗೂ ಹೆದರಿಕೆ. ಆಮೇಲೆ ಅವನಿಗೆ ಗೇಮ್‌ನಲ್ಲಿರುವಂಥ ಒಂದು ಪರದೆ ಕಾಣಲು ಶುರುವಾಗುತ್ತದೆ, ಲೆವೆಲ್ ಏರುತ್ತದೆ. ಅಲ್ಲಿಂದ ಮುಂದಿನ ಸಾದಾ ಎಪಿಸೋಡ್‌ಗಳು ಪಕ್ಕದಲ್ಲಿ ಕೂತು ಬೇರೆಯವರು ಮೊಬೈಲ್ ಗೇಮ್ ಆಡುವುದನ್ನು ನೋಡಿದ ಹಾಗಿವೆ. ಅವನು ಸೋಲುವುದಿಲ್ಲ ಅಂತ ಗೊತ್ತು. ಸುತ್ತ ಇರುವವರ ಕೆಲಸ ಬಾಯಿ ಬಿಟ್ಟುಕೊಂಡು "ಇವನು ಯಾರು?" ಅನ್ನುವುದು. ಹಿರೋಯುಕಿ ಸಾವಾನೋ ಸಂಗೀತ ಇದೆ, ಅಟ್ಯಾಕ್ ಆನ್ ಟೈಟನ್‌ಗೂ ಅವರದ್ದೇ, ಅದು ಎಷ್ಟೋ ಕಡೆ ದೃಶ್ಯವನ್ನು ಎತ್ತಿ ನಿಲ್ಲಿಸುತ್ತದೆ. ನನ್ನ ತಮ್ಮ ಇದನ್ನು ಒಪ್ಪುವುದಿಲ್ಲ. "ಆಫೀಸಿಂದ ಸುಸ್ತಾಗಿ ಬಂದವನಿಗೆ ಸೋಲದೇ ಇರೋ ಹೀರೋನೇ ಬೇಕು, ನಿನಗೇನು ಗೊತ್ತು" ಅನ್ನುತ್ತಾನೆ. ಅವನ ಮಾತೂ ಸರಿ ಇರಬಹುದು. ಆದರೆ ಅದಕ್ಕೆ ಎಲ್ಲಕ್ಕಿಂತ ಶ್ರೇಷ್ಠ ಅಂತ ಹೆಸರು ಯಾಕೆ?

ಫ್ರೀರೆನ್‌ಗೆ ನನ್ನ ಅಳತೆಯಲ್ಲಿ ಪೂರ್ತಿ ಅಂಕ, ಯಾಕೆಂದರೆ ಅದರಲ್ಲಿ ಇರುವುದೆಲ್ಲ ಸಾದಾ ಎಪಿಸೋಡ್‌ಗಳೇ. ಮ್ಯಾಡ್‌ಹೌಸ್‌ನದೇ, ಮೊದಲ ಸೀಸನ್ 28 ಎಪಿಸೋಡ್. ಮನುಷ್ಯರ ಜೊತೆ ಹತ್ತು ವರ್ಷ ಪಯಣ ಮಾಡಿದ ಫ್ರೀರೆನ್ ಎಲ್ಫ್, ಅಂದರೆ ಸಾವಿರಾರು ವರ್ಷ ಬದುಕುವ ಕುಲದವಳು, ಅವಳಿಗೆ ಆ ಹತ್ತು ವರ್ಷ ಏನೂ ಅಲ್ಲ. ಗೆಳೆಯ ಹಿಮ್ಮೆಲ್ ಮುದುಕನಾಗಿ ಸತ್ತ ಮೇಲೆ, ಅವನನ್ನು ತಿಳಿದುಕೊಳ್ಳಲು ನಾನು ಪ್ರಯತ್ನವನ್ನೇ ಮಾಡಲಿಲ್ಲವಲ್ಲ ಅಂತ ಅಳುತ್ತಾಳೆ. ಅಲ್ಲಿಂದ ಕಥೆ. ಜಿನ್‌ವೂ ಶಕ್ತಿ ಕೂಡಿಹಾಕಿದರೆ ಇವಳು ಕೆಲಸಕ್ಕೆ ಬಾರದ ಮಂತ್ರಗಳನ್ನು ಕೂಡಿಹಾಕುತ್ತಾಳೆ. ಕಂಚಿನ ಪ್ರತಿಮೆಯ ಕಿಲುಬು ತೆಗೆಯುವ ಮಂತ್ರ, ಸಿಹಿ ದ್ರಾಕ್ಷಿಯನ್ನು ಹುಳಿ ಮಾಡುವ ಮಂತ್ರ!

4ನೇ ಎಪಿಸೋಡ್‌ನಲ್ಲಿ ಕಡಲ ತೀರದ ಹಳ್ಳಿಯೊಂದರಲ್ಲಿ ಹೊಸ ವರ್ಷದ ಸೂರ್ಯ ಹುಟ್ಟುವುದನ್ನು ನೋಡುವ ಪದ್ಧತಿ. ಹಿಂದೆ ಗೆಳೆಯರೆಲ್ಲ ನೋಡಲು ಹೋದಾಗ ಇವಳು ಮಲಗಿಬಿಟ್ಟಿದ್ದಳು. ಈ ಸಲ ಶಿಷ್ಯೆ ಫರ್ನ್ ಎಬ್ಬಿಸಿ ಕರೆದುಕೊಂಡು ಹೋಗುತ್ತಾಳೆ. ಸೂರ್ಯ ಹುಟ್ಟುತ್ತಾನೆ. ಚೆನ್ನಾಗಿದೆ, ಆದರೆ ಇದಕ್ಕಾಗಿ ಬೇಗ ಏಳಬೇಕಾಗಿರಲಿಲ್ಲ ಅಂದುಕೊಂಡು ಪಕ್ಕಕ್ಕೆ ತಿರುಗಿದರೆ, ಫರ್ನ್ ನಗುತ್ತಿದ್ದಾಳೆ. ಗೆಳೆಯರು ಅಂದು ನೋಡಲು ಹೋದದ್ದು ಏನನ್ನು ಅಂತ ಇವಳಿಗೆ ಈಗ ಹೊಳೆಯುತ್ತದೆ. ಒಂದು ಏಟೂ ಬೀಳದ ಎಪಿಸೋಡ್ ಅದು. ಒಂದೇ ತಕರಾರು, ಕೊನೆಯ ಭಾಗದ ಮಂತ್ರವಾದಿಗಳ ಪರೀಕ್ಷೆ ಉದ್ದವಾಯಿತು, ಹೊಸ ಮುಖಗಳು ಜಾಸ್ತಿಯಾದವು, ಉಳಿದ ಸರಣಿಗಳ ದಾರಿಗೆ ಹೊರಳಿತು. ಫೈಟು ಬೇಕು ಅನ್ನುವವರಿಗೆ ಮಾತ್ರ ಅದೇ ಭಾಗ ಇಷ್ಟ.

ಫುಲ್‌ಮೆಟಲ್ ಆಲ್ಕೆಮಿಸ್ಟ್: ಬ್ರದರ್‌ಹುಡ್ ಬಗ್ಗೆ ಹೆಚ್ಚು ಬರೆಯುವುದಿಲ್ಲ. ರಸವಿದ್ಯೆ ಬಲ್ಲ ಇಬ್ಬರು ಅಣ್ಣತಮ್ಮಂದಿರ ಕಥೆ, 2009ರಿಂದ 2010ರವರೆಗೆ ಬಂದ 64 ಎಪಿಸೋಡ್, ಇಷ್ಟು ವರ್ಷ ಎಲ್ಲ ಪಟ್ಟಿಯ ಮೇಲ್ತುದಿಯಲ್ಲಿ ಕೂತಿದೆ. ಇದೇ ಕಥೆಯ 2003ರ ಹಳೇ ಸರಣಿಯಲ್ಲಿ ಬಂದದ್ದನ್ನು ಮೊದಲ ಹತ್ತು ಹನ್ನೆರಡು ಎಪಿಸೋಡ್‌ನಲ್ಲಿ ಓಡಿಸಿಬಿಟ್ಟಿದ್ದಾರೆ, ಅದೊಂದು ಕೊರತೆ. ಆದರೂ 12ನೇ ಎಪಿಸೋಡ್‌ನಲ್ಲಿ ಪುಟ್ಟ ಅಣ್ಣತಮ್ಮಂದಿರನ್ನು ಗುರು ಒಂದು ತಿಂಗಳು ದ್ವೀಪದಲ್ಲಿ ಬಿಟ್ಟು ಹೋಗುವ ಭಾಗವಿದೆ. ಹಸಿವಿನಲ್ಲಿ ಇರುವೆ ತಿಂದು, ಮೊಲ ಕೊಲ್ಲಲು ಕೈ ನಡುಗಿ, ಕೊನೆಗೆ ಪಾಠ ಅರ್ಥವಾಗುತ್ತದೆ. ಆ ಪಾಠವೇ 64ನೇ ಎಪಿಸೋಡ್‌ವರೆಗೂ ಕಥೆಯನ್ನು ಹೊರುತ್ತದೆ. ಯಾರಾದರೂ ಒಂದೇ ಒಂದು ಹೆಸರು ಹೇಳು ಅಂದರೆ ನಾನು ಇದನ್ನೇ ಹೇಳುವುದು. ನನಗೆ ಹೆಚ್ಚು ಇಷ್ಟ ಫ್ರೀರೆನ್, ಅದು ಬೇರೆ ಮಾತು. ಎಲ್ಲರಿಗೂ ಆ ನಿಧಾನ ಹಿಡಿಸುವುದಿಲ್ಲ.

ಇನ್ನು ಒನ್ ಪೀಸ್. ಕಡಲ್ಗಳ್ಳರ ಕಥೆ, 1999ರಿಂದ ಬರುತ್ತಿದೆ, 1100 ಎಪಿಸೋಡ್ ದಾಟಿದೆ. ಅಭಿಮಾನಿಗಳನ್ನು ಕೇಳಿದರೆ "ಮುನ್ನೂರು ದಾಟಿದ ಮೇಲೆ ಮಜಾ ಬರುತ್ತೆ" ಅನ್ನುತ್ತಾರೆ, ಇದನ್ನು ಯಾವ ಧೈರ್ಯದಲ್ಲಿ ಹೇಳುತ್ತಾರೋ. ಮುಂದೆ ಮುಂದೆ ಹೋದ ಹಾಗೆ ಒಂದು ಎಪಿಸೋಡ್‌ಗೆ ಮಾಂಗಾದ, ಅಂದರೆ ಮೂಲ ಕಾಮಿಕ್ಸ್‌ನ, ಒಂದು ಅಧ್ಯಾಯವೂ ಮುಗಿಯುವುದಿಲ್ಲ. ಹಾಡು, ಹಿಂದಿನ ಕಥೆ, ಒಬ್ಬೊಬ್ಬರ ಮುಖ ದಂಗಾಗುವುದು, ಅಷ್ಟರಲ್ಲಿ ಅರ್ಧ ಸಮಯ ಹೋಗಿರುತ್ತದೆ. ಸಾದಾ ಎಪಿಸೋಡ್ ಅಳತೆಯಲ್ಲಿ ಇದು ಫೇಲ್. ಆದರೆ ಶುರುವಿನ ಭಾಗಕ್ಕೆ ಈ ಮಾತು ಸಲ್ಲದು, ಅಲ್ಲಿ ವೇಗ ಇದೆ, ತಮಾಷೆ ಇದೆ. ಜೊತೆಗಾತಿ ನಾಮಿ ಕೊನೆಗೂ ಸಹಾಯ ಕೇಳಿದಾಗ ನಾಯಕ ಲೂಫಿ ತನ್ನ ಟೋಪಿ ಅವಳ ತಲೆಗಿಟ್ಟು ನಡೆದುಹೋಗುವ ದೃಶ್ಯ ಅಲ್ಲೇ ಬರುವುದು. ಆ ದೃಶ್ಯವಿರುವ ಆರ್ಲಾಂಗ್ ಪಾರ್ಕ್ ಕಥೆ 44ನೇ ಎಪಿಸೋಡ್‌ಗೆ ಮುಗಿಯುತ್ತದೆ, ಅಲ್ಲಿವರೆಗೆ ನೋಡಿ. ಹಿಡಿಸದಿದ್ದರೆ ಅಲ್ಲೇ ಬಿಡಿ. ಹಿಡಿಸಿದರೆ ಮಾಂಗಾ ಕೈಗೆತ್ತಿಕೊಳ್ಳಿ, ಅನಿಮೆಯ ಹಿಂದೆ ಬೀಳಬೇಡಿ. ವಿಟ್ ಸ್ಟುಡಿಯೊ ಕಥೆಯನ್ನು ಮೊದಲಿನಿಂದ ಹೊಸದಾಗಿ ಮಾಡುವುದಾಗಿ ಹೇಳಿದೆ, ಅದು ಬಂದರೆ ಆಗ ನೋಡಿಕೊಳ್ಳೋಣ.